ಬೀಜ ಇಲ್ಲದ ಬಳ್ಳಿಯ ಚರಿತ್ರೆ: ನಿಮ್ಮ ಮನೆ ಮಲ್ಲಿಗೆ ಯಾರ ಮನೆಯಿಂದ ಬಂತು?

ಇವತ್ತಿನ ಸಂಚಿಕೆಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಇರೋದು ಒಂದು ಮಲ್ಲಿಗೆ ಬಳ್ಳಿ. ನಮ್ಮ ಮಾದನಾಯಕನಹಳ್ಳಿಯ ಒಂದು ಹಳೇ ಹೆಂಚಿನ ಮನೆ ಮುಂದೆ, ಚಪ್ಪರದ ಮೇಲೆ ವರ್ಷಪೂರ್ತಿ ಹಸಿರಾಗಿರುತ್ತಿದ್ದ ಬಳ್ಳಿ.

ನಮ್ಮೂರು ಗೊತ್ತಿಲ್ಲದವರಿಗೆ ಹೇಳ್ತೀನಿ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ, ಮೆಟ್ರೋದ ಕೊನೇ ನಿಲ್ದಾಣ ಮಾದಾವರವನ್ನೂ ದಾಟಿ, ನೆಲಮಂಗಲದ ಕಡೆ ಬಂದರೆ ಸಿಗುತ್ತೆ. ಕಾರ್ಖಾನೆ, ಗೋಡೌನ್, ಲಾರಿ, ಬಾಡಿಗೆ ರೂಮು, ಮೊದಲು ಕಣ್ಣಿಗೆ ಬೀಳೋದು ಇವೇ. ಕಳೆದ ಮಳೆಗಾಲದಲ್ಲಿ ಆ ಹೆಂಚಿನ ಮನೆಯನ್ನೂ ಒಡೆದು ಬಾಡಿಗೆ ರೂಮುಗಳ ಬಿಲ್ಡಿಂಗ್ ಕಟ್ಟೋದು ಅಂತ ತೀರ್ಮಾನ ಆಯ್ತು. ಜೆಸಿಬಿ ಬರೋಕೆ ಎರಡು ದಿನ ಮುಂಚೆ ಆ ಮನೆ ಅಜ್ಜಿ ನನ್ನನ್ನ ಕರೆದು, "ಬಳ್ಳಿ ಹೋಗುತ್ತೆ ಕಣಪ್ಪ, ಕಡ್ಡಿ ತಗೊಂಡೋಗು" ಅಂದ್ರು.

"ಬೀಜ ಇದ್ರೆ ಕೊಡಿ ಅಜ್ಜಿ, ಹಾಕ್ತೀನಿ" ಅಂದೆ.

ಅಜ್ಜಿ ನಕ್ಕುಬಿಟ್ರು. "ಮಲ್ಲಿಗೆಗೆ ಬೀಜ ಯಾರಪ್ಪ ನೋಡವ್ರೆ?"

ಬಿಕಾಂ ಓದಿದ ನನಗೆ ಇದು ನಿಜವಾಗ್ಲೂ ಗೊತ್ತಿರಲಿಲ್ಲ. ಮನೆಗೆ ಬಂದು ಓದೋಕೆ ಶುರು ಮಾಡಿದೆ. ನಾವು ಮನೆ ಮುಂದೆ ಬೆಳೆಸೋ ದುಂಡು ಮಲ್ಲಿಗೆಯ ಸಸ್ಯಶಾಸ್ತ್ರೀಯ ಹೆಸರು ಜಾಸ್ಮಿನಮ್ ಸಾಂಬಾಕ್. ಇದು ಬೀಜ ಕಟ್ಟೋದು ಬಹಳ ಅಪರೂಪ. ಕಡ್ಡಿ ಕತ್ತರಿಸಿ ನೆಡಬೇಕು, ಇಲ್ಲಾ ಬಳ್ಳಿಯನ್ನ ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸಬೇಕು. ಅಂದ್ರೆ ಯಾರದೋ ಅಂಗಳದಲ್ಲಿ ಮಲ್ಲಿಗೆ ಇದೆ ಅಂದ್ರೆ, ಅದು ಇನ್ನೊಂದು ಬಳ್ಳಿಯ ತುಂಡು. ಆ ಬಳ್ಳಿ ಮತ್ತೊಂದರ ತುಂಡು. ಹಕ್ಕಿ ತಂದು ಹಾಕಿದ್ದಲ್ಲ, ಗಾಳಿಯಲ್ಲಿ ಹಾರಿ ಬಂದದ್ದೂ ಅಲ್ಲ. ಮನುಷ್ಯರು ಕೇಳಿ, ಮನುಷ್ಯರು ಕೊಟ್ಟು, ಕೈಯಿಂದ ಕೈಗೆ ಬಂದದ್ದು.

ಈ ಗಿಡದ ಚರಿತ್ರೆಯನ್ನ ಈ ಕಣ್ಣಿನಿಂದ ನೋಡೋಣ.

ಸುಮಾರು ಕ್ರಿ.ಶ. 941ರಲ್ಲಿ ಪಂಪ ವಿಕ್ರಮಾರ್ಜುನ ವಿಜಯ ಬರೆದ. ಅದರಲ್ಲಿ ಅರ್ಜುನ ಬನವಾಸಿ ನಾಡನ್ನ ನೆನೆಸಿಕೊಳ್ಳೋ ಪ್ರಸಿದ್ಧ ಪದ್ಯ ಇದೆ. ಅಲ್ಲಿ ನೆನಪು ಉಕ್ಕಿಸೋ ಸಂಗತಿಗಳ ಸಾಲಿನಲ್ಲಿ ತೆಂಕಣ ಗಾಳಿ, ಹಾಡಿನ ಜೊತೆ ಅರಳಿದ ಮಲ್ಲಿಗೆಯೂ ಬರುತ್ತೆ. ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಮಲ್ಲಿಗೆ ಅಂದ್ರೆ ಬಿಟ್ಟು ಬಂದ ಊರು. ಬೇರೆ ಬೇರೆ ಊರುಗಳಿಂದ ಪೀಣ್ಯಕ್ಕೆ ಕೆಲಸಕ್ಕೆ ಬಂದು ನಮ್ಮ ಬೀದಿಗಳ ರೂಮುಗಳಲ್ಲಿರೋ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಯೂರೋಪಿಗೆ ಹೋಗೋಣ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರಿಟ್ಟಾಗ, ದುಂಡು ಮಲ್ಲಿಗೆಯನ್ನ ನಮ್ಮ ಪಾರಿಜಾತದ ಕುಲಕ್ಕೇ ಸೇರಿಸಿಬಿಟ್ಟ. ಅದನ್ನ ಸರಿಯಾದ ಮಲ್ಲಿಗೆ ಕುಲಕ್ಕೆ ತಂದದ್ದು 1789ರಲ್ಲಿ, ಲಂಡನ್ನಿನ ಕ್ಯೂ ತೋಟದ ವಿಲಿಯಂ ಐಟನ್. ಸಾಂಬಾಕ್ ಅನ್ನೋ ಪದದ ಬೇರು ಅರಬ್ಬಿ ಭಾಷೆಯಲ್ಲಿದೆ. ಇಂಗ್ಲಿಷಿನಲ್ಲಿ ಇವತ್ತಿಗೂ ಇದು ಅರೇಬಿಯನ್ ಜಾಸ್ಮಿನ್. ಗಿಡದ ಮೂಲ ನಮ್ಮ ಕಡೆಯದು, ಹೆಸರು ಮಾತ್ರ ಅರಬ್ಬರದ್ದು. ಫಿಲಿಪ್ಪೀನ್ಸ್ 1934ರಲ್ಲಿ ಇದೇ ಹೂವನ್ನ ರಾಷ್ಟ್ರೀಯ ಪುಷ್ಪ ಅಂತ ಘೋಷಿಸಿತು. ಅಲ್ಲಿಗೂ ಇದು ಹೊರಗಿನಿಂದ ಹೋದ ಗಿಡವೇ. ಬೀಜ ಕಟ್ಟದ ಬಳ್ಳಿ ಸಮುದ್ರ ದಾಟಿದೆ ಅಂದ್ರೆ, ದಾರಿಯುದ್ದಕ್ಕೂ ಯಾರೋ ಅದಕ್ಕೆ ನೀರು ಹಾಕಿದ್ದಾರೆ.

ನಮ್ಮ ರಾಜ್ಯಕ್ಕೆ ವಾಪಸ್ ಬರೋಣ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಈ ಮೂರಕ್ಕೂ ಜಿಐ ಮಾನ್ಯತೆ ಇದೆ. ಮೈಸೂರು, ಉಡುಪಿಯವು ಸಾಂಬಾಕ್ ಜಾತಿಯವು. ಹಡಗಲಿಯದು ಬೇರೆ ಜಾತಿ. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ತಮ್ಮ ಕವನ ಸಂಕಲನಕ್ಕೆ ಮೈಸೂರು ಮಲ್ಲಿಗೆ ಅಂತ ಹೆಸರಿಟ್ಟರು. ಗಿಡ ನೋಡದವರ ಬಾಯಲ್ಲೂ ಆ ಹೆಸರು ನಿಂತಿತು.

ಕಾಮರ್ಸ್ ಓದಿದವನಿಗೆ ತುಂಬಾ ಹಿಡಿಸಿದ್ದು ಮಾತ್ರ ಉಡುಪಿ ಹತ್ತಿರದ ಶಂಕರಪುರದ ಲೆಕ್ಕ. ಅಲ್ಲಿ ಮಲ್ಲಿಗೆ ಮನೆ ಹಿತ್ತಲಿನ ಬೆಳೆ. ಬೆಳಿಗ್ಗೆ ಮೊಗ್ಗು ಕಿತ್ತು, ಬಾಳೆ ನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಒಂದು ಅಟ್ಟೆಗೆ 3,200 ಮೊಗ್ಗು. ಆ ಅಟ್ಟೆಗೆ ದಿನಾ ದಿನಾ ರೇಟ್ ಗೊತ್ತಾಗುತ್ತೆ, ಹೂವು ಮುಂಬೈಗೂ ಹೋಗುತ್ತೆ. ಹಬ್ಬ, ಮದುವೆ ಇದ್ದರೆ ರೇಟ್ ಏರುತ್ತೆ, ಇಲ್ಲದಿದ್ದರೆ ಇಳಿಯುತ್ತೆ. ಕೂಡಿಟ್ಟು ನಾಳಿದ್ದು ಮಾರೋಣ ಅನ್ನೋ ಹಾಗಿಲ್ಲ, ಯಾಕಂದ್ರೆ ಸಂಜೆ ಹೊತ್ತಿಗೆ ಸರಕು ತಾನಾಗೇ ಅರಳಿಬಿಡುತ್ತೆ! ಅಂಥ ಬೆಳೆಯನ್ನ ನಂಬಿ ಎಷ್ಟೋ ಹೆಂಗಸರು ಮನೆಯಂಗಳದಲ್ಲೇ ದುಡಿದು ಮಕ್ಕಳನ್ನ ಓದಿಸಿದ್ದಾರೆ. ಇದನ್ನ ನಮ್ಮ ಪಠ್ಯಪುಸ್ತಕದ ವಾಣಿಜ್ಯ ಪಾಠದಲ್ಲಿ ಯಾರೂ ಹೇಳಿಕೊಡಲಿಲ್ಲ.

ಬೆಂಗಳೂರಲ್ಲಿ ಲೆಕ್ಕ ಬೇರೆ, ಇಲ್ಲಿ ಮೊಳ. ಅಳೆಯೋದು ಹೂವಾಡಗಿತ್ತಿಯ ಕೈ. ಈ ಊರಿನ ದೊಡ್ಡ ಉತ್ಸವವನ್ನೇ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡೋದು ಹೂವಿನ ಕರಗ, ಮೈತುಂಬಾ ಮಲ್ಲಿಗೆ. ಅದನ್ನ ಹೊರೋದು ತಿಗಳ ಸಮುದಾಯದವರು, ತಲೆತಲಾಂತರದಿಂದ ಹೂವು, ತರಕಾರಿ ಬೆಳೆದ ತೋಟಗಾರರು. ಮಲ್ಲಿಗೆ ಸುಗ್ಗಿಯೂ ಅದೇ ಕಾಲದ್ದು. ಅವರ ಎಷ್ಟೋ ತೋಟಗಳ ಜಾಗದಲ್ಲಿ ಈಗ ಬಡಾವಣೆಗಳಿವೆ. ಹೂವು ಮಾತ್ರ ದೂರದೂರದಿಂದ ಬರುತ್ತೆ. ನಮ್ಮೂರಿನಲ್ಲಿ ಈಗ ಆಗ್ತಾ ಇರೋದು ಬೆಂಗಳೂರಿನ ಒಳಗೆ ಯಾವತ್ತೋ ಆಗಿಹೋಗಿದೆ.

ನಮ್ಮೂರಿಗೆ ಹತ್ತಿರದಲ್ಲೇ ಹೆಸರಘಟ್ಟ ಇದೆ. ಅಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಜಾಜಿಯಲ್ಲಿ ಅರ್ಕಾ ಸುರಭಿ ಅನ್ನೋ ತಳಿ ಕೊಟ್ಟಿದೆ. ಅಷ್ಟು ದೊಡ್ಡ ಸಂಸ್ಥೆಯ ತಳಿಯನ್ನೂ ಮುಂದಕ್ಕೆ ಸಾಗಿಸಬೇಕಾದ್ರೆ ಬೇಕಾಗೋದು ಅಜ್ಜಿ ಹೇಳಿದ ಅದೇ ಕಡ್ಡಿ.

ಈಗ ನನ್ನ ಕಡ್ಡಿಗಳ ಕಥೆ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಮೂರ್ನಾಲ್ಕು ಗೆಣ್ಣು ಇರೋ ಹಾಗೆ ಅಜ್ಜಿಯೇ ಆರು ಕಡ್ಡಿ ಕತ್ತರಿಸಿ ಕೊಟ್ಟರು. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಟ್ಟು ನೆರಳಲ್ಲಿಟ್ಟೆ. ಮಳೆಗಾಲ ಇದಕ್ಕೆ ಒಳ್ಳೇ ಸಮಯ. ಆದ್ರೂ ನಾಲ್ಕು ಕೊಳೆತು ಹೋದವು, ನೀರು ಜಾಸ್ತಿ ಹಾಕಿದ ನನ್ನ ತಪ್ಪು. ಎರಡು ಚಿಗುರಿದವು. ಈಗ ತಳಕ್ಕೆ ತೂತು ಮಾಡಿದ ಪೇಂಟ್ ಬಕೆಟ್‌ಗಳಲ್ಲಿ, ತಾರಸಿ ಮೇಲೆ ಚೆನ್ನಾಗಿ ಬಿಸಿಲು ಬೀಳೋ ಕಡೆ ಇವೆ. ನೀವೂ ಬೆಳೆಸೋದಾದ್ರೆ ಒಂದು ಮಾತು ನೆನಪಿಡಿ. ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನಲ್ಲಿ. ಬೆಳೆದ ಬಳ್ಳಿಯನ್ನ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಧೈರ್ಯವಾಗಿ ಸವರಿ. ಪಾಪ ಅಂತ ಬಿಟ್ಟರೆ ಎಲೆ ಮಾತ್ರ ಸಿಗುತ್ತೆ.

ಮನೆ ಒಡೆದ ಮೇಲೆ ಅಜ್ಜಿ ಮಗಳ ಮನೆಗೆ ಹೋದರು. ಹೊರಡೋ ದಿನ, "ಅಜ್ಜಿ, ನಿಮಗೆ ಈ ಬಳ್ಳಿ ಎಲ್ಲಿಂದ ಬಂತು?" ಅಂತ ಕೇಳಿದೆ. ಮದುವೆಯಾಗಿ ಬರುವಾಗ ಮಾಗಡಿ ಕಡೆಯ ತವರಿನಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಂತೆ. ತವರಿನ ಬಳ್ಳಿ ಈಗ ಇಲ್ಲ, ಆ ಮನೆಯೂ ಇಲ್ಲ. ಅಂದ್ರೆ ನನಗೆ ಗೊತ್ತಿರೋ ಮಟ್ಟಿಗೆ ಆ ಬಳ್ಳಿಯಲ್ಲಿ ಉಳಿದಿರೋದು ನಮ್ಮ ತಾರಸಿಯ ಎರಡು ಬಕೆಟ್ ಅಷ್ಟೇ. ಒಂದನ್ನ ಅಜ್ಜಿಯ ಮಗಳ ಮನೆಗೆ ಕೊಟ್ಟು ಬರೋಣ ಅಂತಿದ್ದೀನಿ. ಎರಡೂ ನನ್ನ ಹತ್ತಿರವೇ ಇರೋದು ಒಳ್ಳೇದಲ್ಲ.

ನಿಮಗೆ ಇವತ್ತಿನ ಹೋಂವರ್ಕ್ ಇಷ್ಟೇ. ಮನೆಯಲ್ಲಿ ಮಲ್ಲಿಗೆ ಇದ್ದರೆ, ಅದು ಯಾರ ಮನೆಯಿಂದ ಬಂತು ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಪಕ್ಕದ ಹಳೇ ಮನೆ ಮುಂದೆ ಜೆಸಿಬಿ ನಿಂತಿದ್ದರೆ, ಅದಕ್ಕಿಂತ ಮುಂಚೆ ಹೋಗಿ ಒಂದು ಕಡ್ಡಿ ಕೇಳಿ.