ಖರ್ಜೂರದ ಮರದಡಿಯ ಸ್ತ್ರೀ

ಪ್ರಾಚೀನ ರೋಮಿನಲ್ಲಿ ನಾಣ್ಯವು ವಿನಿಮಯದ ಸಾಧನವಷ್ಟೇ ಆಗಿರಲಿಲ್ಲ. ಕೈಯಿಂದ ಕೈಗೆ ಸಾಗುವ ರಾಜಶಾಸನವೂ ಆಗಿತ್ತು. ಕ್ರಿ.ಶ. 69ರ ಅಂತಃಕಲಹದಲ್ಲಿ, ಒಂದೇ ವರ್ಷದ ನಾಲ್ಕನೆಯ ಸಾಮ್ರಾಟನಾಗಿ ಅಧಿಕಾರಕ್ಕೆ ಬಂದ ವೆಸ್ಪೇಸಿಯನ್ನನಿಗೆ ರಾಜವಂಶದ ಹಿನ್ನೆಲೆಯಿರಲಿಲ್ಲ. ವಿಜಯವೇ ಆತನ ಅರ್ಹತೆಯಾಗಬೇಕಿತ್ತು. 70ರಲ್ಲಿ ಆತನ ಮಗ ಟೈಟಸನ ಸೇನೆ ಜೆರುಸಲೇಮನ್ನು ಗೆದ್ದು, ಅಲ್ಲಿಯ ಯೆಹೂದ್ಯರ ದೇವಾಲಯವನ್ನು ನಾಶಗೊಳಿಸಿತು. ಆ ಗೆಲುವು ಚಿನ್ನ, ಬೆಳ್ಳಿ, ಕಂಚುಗಳಲ್ಲಿ ಟಂಕಿತವಾಯಿತು. ಒಂದು ಮುಖದಲ್ಲಿ ಸಾಮ್ರಾಟನ ಶಿರಸ್ಸು. ಇನ್ನೊಂದರಲ್ಲಿ ಖರ್ಜೂರದ ಮರ, ಅದರ ಬುಡದಲ್ಲಿ ಕುಳಿತು ಶೋಕಿಸುವ ಸ್ತ್ರೀ. ಹಲವು ನಾಣ್ಯಗಳಲ್ಲಿ 'ಯೂದಾಯ ಕಾಪ್ತಾ', ಅಂದರೆ 'ಸೆರೆಸಿಕ್ಕ ಯೂದಾಯ' ಎಂಬ ಬರೆಹವಿದೆ. ಆಕೆ ಯಾರೋ ಒಬ್ಬ ಸ್ತ್ರೀಯಲ್ಲ, ಸೋತ ನಾಡೇ ಆಕೆ.

ಈ ಚಿತ್ರಕ್ಕೆ ಉತ್ತರವೂ ನಾಣ್ಯದಲ್ಲಿಯೇ ಬಂದಿತು. 132ರಿಂದ 135ರವರೆಗೆ ಬಾರ್ ಕೊಖ್ಬಾನ ನೇತೃತ್ವದಲ್ಲಿ ಬಂಡೆದ್ದ ಯೆಹೂದ್ಯರು ಚಲಾವಣೆಯಲ್ಲಿದ್ದ ನಾಣ್ಯಗಳ ಮೇಲೆಯೇ ತಮ್ಮ ಅಚ್ಚನ್ನೊತ್ತಿದರು. ಅಳಿದುಹೋದ ದೇವಾಲಯ ಅಲ್ಲಿ ಮತ್ತೆ ಎದ್ದು ನಿಂತಿತು. ಖರ್ಜೂರದ ಮರ ಮರಳಿ ಬಂದಿತು, ಅದರ ಬುಡದಲ್ಲಿ ಅಳುವವಳು ಇರಲಿಲ್ಲ. ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಜೆರುಸಲೇಮಿನ ಸ್ವಾತಂತ್ರ್ಯದ ಘೋಷಣೆಯಿತ್ತು. ರೋಮ್ ಆ ಬಂಡಾಯವನ್ನು ನಿರ್ದಯವಾಗಿ ಅಡಗಿಸಿತು. ಆದರೆ ನಾಣ್ಯಗಳು ಉಳಿದವು. ಕೆಲವದರಲ್ಲಿ ಹೊಸ ಅಚ್ಚಿನಡಿ ರೋಮಿನ ಹಳೆಯ ಮುದ್ರೆ ಇಂದಿಗೂ ಮಸುಕಾಗಿ ಕಾಣುತ್ತದೆ.