ಗುಡಿಸಲಿನ ಬಾಡು, ಗೇಣಿಯ ದನ

ಇಂಗ್ಲೆಂಡಿನಲ್ಲಿ ‘ಕಾಟೇಜ್ ಪೈ’ ಅಂತ ಒಂದು ಅಡುಗೆ. ಕೊಚ್ಚಿದ ದನದ ಬಾಡನ್ನು ಈರುಳ್ಳಿ ಜೊತೆ ಬೇಯಿಸಿ, ಮೇಲೆ ಹಿಸುಕಿದ ಆಲೂಗಡ್ಡೆ ಹೊದಿಸಿ, ಕೆಂಪಗೆ ಸುಡುತ್ತಾರೆ. 1791ರಲ್ಲೇ ಒಬ್ಬ ಪಾದ್ರಿಯ ದಿನಚರಿಯಲ್ಲಿ ಈ ಹೆಸರಿದೆ. ಕಾಟೇಜ್ ಅಂದರೆ ಕೂಲಿಕಾರರ ಗುಡಿಸಲು. ಚೂರು ಬಾಡು, ಜಾಸ್ತಿ ಗಡ್ಡೆ. ಮನೆಮಂದಿಗೆಲ್ಲ ಹೊಟ್ಟೆ ತುಂಬ ಊಟ.

ಇಂಗ್ಲೆಂಡಿನ ತಟ್ಟೆಗೆ ಬಾಡು ಎಲ್ಲಿಂದ ಬರುತ್ತಿತ್ತು? ಒಂದು ಪಾಲು ಐರ್ಲೆಂಡಿನಿಂದ. ಅಲ್ಲಿನ ನೆಲದಲ್ಲಿ ಮೇದ ದನ, ಬೆಳೆದ ಓಟ್ಸ್ ಜಮೀನುದಾರರ ಗೇಣಿಗಾಗಿ ಮಾರಾಟವಾಗುತ್ತಿದ್ದವು. ಬಡ ರೈತರಿಗೆ, ಕೂಲಿಗಳಿಗೆ ಉಳಿದದ್ದು ಬರೀ ಆಲೂಗಡ್ಡೆ. 1845ರಲ್ಲಿ ಆ ಗಡ್ಡೆಗೂ ಅಂಗಮಾರಿ ರೋಗ ಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿಗೆ, ಜ್ವರಕ್ಕೆ ಸತ್ತರು. ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆಗಲೂ ದನ ತುಂಬಿದ ಹಡಗುಗಳು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಬರ ಬಂದು ಸತ್ತರು ಅನ್ನೋದು ಅರ್ಧ ಸತ್ಯ ಕಣ್ರೀ.

ಇಲ್ಲಿ ದನ ಮೇಯಿಸಿದವರು ನಾವು, ಸತ್ತ ದನ ಹೊತ್ತವರೂ ನಾವು. ಅದನ್ನು ತಿಂದದ್ದೇ ನಮ್ಮನ್ನು ಅಸ್ಪೃಶ್ಯರನ್ನಾಗಿ ಮಾಡಿದ ಮುಖ್ಯ ಕಾರಣ ಅಂತ ಅಂಬೇಡ್ಕರ್ 1948ರಲ್ಲಿ ವಾದಿಸಿದರು. ತಟ್ಟೆ ನೋಡಿ ಜಾತಿ ಅಳೆಯೋರಿಗೆ ನಾವು ಕೇಳೋದು ಇಷ್ಟೇ: ದನ ಸಾಕಿದೋರು ಯಾರು, ಲಾಭ ಉಂಡೋರು ಯಾರು, ಹಸಿದು ಸತ್ತೋರು ಯಾರು?