ಹೋಳಿಯಿಂದ ಕಾರಹುಣ್ಣಿಮೆಗೆ: ಎಡೆದೊರೆನಾಡಿನ ಬೇಸಿಗೆ ಹಬ್ಬಗಳು

‘ಕಾರಹುಣ್ಣಿಮೆ ಕರಕೊಂಡು ಬಂತು, ಹೋಳಿಹುಣ್ಣಿಮೆ ಹೊಡಕೊಂಡು ಹೋಯ್ತು’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಮನೆಹಬ್ಬಗಳ ಸಾಲು ಮುಂಗಾರಿಗೆ ಶುರುವಾಗಿ ಹೋಳಿಗೆ ಮುಗಿಯುತ್ತದೆ. ಉಳಿದ ಬೇಸಿಗೆ ಜಾತ್ರೆಗಳದು. ಎಡೆದೊರೆನಾಡಿನ ಪಾಮನಕಲ್ಲೂರಿನ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಮನೆ ಸೇರಿದ ಮೇಲೆ ಆಳಿಗೂ ಎತ್ತಿಗೂ ಬಿಡುವು. ತೇರು ಎಳೆಯುವುದು, ದನ ಕೊಂಡು ಮಾರುವುದು, ನೆಂಟಸ್ತಿಕೆ ಕುದುರಿಸುವುದು, ಎಲ್ಲ ಈ ಬಿಡುವಿನಲ್ಲೇ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರನ ಜಾತ್ರೆ ಹೋಳಿಹುಣ್ಣಿಮೆಯ ಆಸುಪಾಸು ಬರುತ್ತದೆ. ಚೈತ್ರದ ಹುಣ್ಣಿಮೆಗೆ ಹಂಪಿಯಲ್ಲಿ ವಿರೂಪಾಕ್ಷನ ತೇರು, ಬಿಸಿಲು ಕಾದ ಮೇಲೆ ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆ.

ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎಡೆದೊರೆನಾಡಿನಲ್ಲಿ ಹಬ್ಬದ ಬೇರು ಎಷ್ಟು ಆಳವೆಂದು ತಿಳಿಯಬೇಕಾದವರು ಮುದಗಲ್ಲಿನ ಹತ್ತಿರದ ಪಿಕ್ಲಿಹಾಳಕ್ಕೆ ಹೋಗಬೇಕು. 1950ರ ದಶಕದ ಆರಂಭದಲ್ಲಿ ಅಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ಅವರಿಗೆ ನವಶಿಲಾಯುಗದ ದನಗಾಹಿಗಳ ನೆಲೆ ಸಿಕ್ಕಿತು. ಬಂಡೆಗಳ ಮೇಲೆ ಇಣಿಯುಳ್ಳ ಗೂಳಿಗಳ ಚಿತ್ರಗಳಿವೆ. ಮಣ್ಣಿನಲ್ಲಿ ಮಾಡಿ ಸುಟ್ಟ ದನದ ಗೊಂಬೆಗಳೂ ಸಿಕ್ಕವು. ದಖ್ಖನಿನ ಬೂದಿದಿಬ್ಬಗಳ ಬಗ್ಗೆ ಅವರು 1963ರಲ್ಲಿ ಬರೆದ ಪುಸ್ತಕದ ವಾದ ಇನ್ನೂ ಕುತೂಹಲದ್ದು. ಈ ದಿಬ್ಬಗಳು ದನದ ದೊಡ್ಡಿಗಳು. ಅಲ್ಲಿ ಗುಡ್ಡೆಬಿದ್ದ ಸಗಣಿಯನ್ನು ಋತು ಬದಲಾಗುವ ಹೊತ್ತಿಗೆ ವಿಧಿಪೂರ್ವಕ ಸುಡುತ್ತಿದ್ದರು. ಹೋಳಿ, ಪೊಂಗಲ್‌ಗಳ ಬೆಂಕಿಯಲ್ಲಿ ಆ ರೂಢಿಯ ನೆನಪು ಉಳಿದಿರಬಹುದು. ನಾಲ್ಕು ಸಾವಿರ ವರ್ಷದ ನೇರ ನಂಟನ್ನು ಯಾರೂ ರುಜುವಾತು ಮಾಡಲಾರರು. ಆದರೆ ಅದೇ ನೆಲದಲ್ಲಿ ಇಂದಿಗೂ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು, ಗೋದಲಿ ಮಾಡಿ ಪೂಜಿಸುತ್ತಾರೆ. ಆ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಬ್ಬ ಕಂಡ ಪರದೇಶಿಯರ ಬರವಣಿಗೆ ವಿಜಯನಗರದ ಕಾಲದಿಂದ ಸಿಗುತ್ತದೆ. 1420ರ ಸುಮಾರಿಗೆ ಬಂದ ಇಟಲಿಯ ನಿಕೊಲೊ ಕೊಂಟಿ ತೇರಿನ ಉತ್ಸವವನ್ನೂ, ದಾರಿಯಲ್ಲಿ ಹೋಗುವವರಿಗೆಲ್ಲ ಕೇಸರಿ ನೀರು ಎರಚುವ ಹಬ್ಬವನ್ನೂ ವರ್ಣಿಸಿದ್ದಾನೆ. ಅರಸ, ಅರಸಿಯರಿಗೂ ಅದರಿಂದ ಬಿಡುಗಡೆ ಇರಲಿಲ್ಲ. ನಮ್ಮ ಓಕುಳಿಯ ಗುರುತು ಅದರಲ್ಲಿ ಹತ್ತದೆ ಇರದು.

ಬೇಸಿಗೆಯನ್ನು ಬೀಳ್ಕೊಡುವ ಹಬ್ಬವೇ ಜ್ಯೇಷ್ಠದ ಕಾರಹುಣ್ಣಿಮೆ. ರೋಹಿಣಿ ಮಳೆ ಮುಗಿದು ಮಿರಗ ಮಳೆ ಹಿಡಿಯುವ ಹೊತ್ತಿಗೆ, ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಹಿಂದಿನ ದಿನ ಹೊನ್ನುಗ್ಗಿ. ಮರುದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ, ಗೆಜ್ಜೆ ಕಟ್ಟಿ, ಝೂಲ ಹೊದಿಸುತ್ತಾರೆ. ಕೊಂಬಿಗೆ ಕೋಡುಬಳೆ ಪೋಣಿಸುವವರುಂಟು. ಗೊಟ್ಟದಿಂದ ಎಣ್ಣೆ, ಮೊಟ್ಟೆ ಕುಡಿಸುವವರುಂಟು. ಸಂಜೆ ಅಗಸಿಯಲ್ಲಿ ಬೇವಿನ ಸೊಪ್ಪು ಕಟ್ಟಿದ ಹಗ್ಗ, ಅದೇ ಕರಿ. ಎತ್ತುಗಳನ್ನು ಓಡಿಸುತ್ತಾರೆ. ಮೊದಲು ಕರಿ ಹರಿದದ್ದು ಬಿಳಿ ಎತ್ತೋ ಕೆಂದ ಎತ್ತೋ ಎಂಬುದರ ಮೇಲೆ ಆ ವರ್ಷ ಮುಂಗಾರಿ ಪೀಕು ಚಲೋ ಬರುವುದೋ, ಹಿಂಗಾರಿ ಬಿಳಿಜೋಳವೋ ಎಂಬ ಲೆಕ್ಕ. ಲೆಕ್ಕದ ರೀತಿ ಊರಿಂದೂರಿಗೆ ಬೇರೆ. ಬಿತ್ತುವ ಮೊದಲು ಇಡೀ ಊರು ಒಂದೆಡೆ ನಿಂತು ಮಳೆ-ಬೆಳೆಯ ಮಾತಾಡುವುದು ಮಾತ್ರ ಎಲ್ಲ ಕಡೆ ಒಂದೇ.

ಎತ್ತಿನ ಓಟವೆಂದರೆ ಜಗತ್ತಿಗೆ ಗೊತ್ತಿರುವುದು ಸ್ಪೇನಿನ ಪಾಂಪ್ಲೋನಾ. ಜುಲೈ 6ರಿಂದ 14ರವರೆಗಿನ ಸಾನ್ ಫರ್ಮಿನ್ ಉತ್ಸವದ ಗೂಳಿ ಓಟವೂ ದನ ಹೊಡೆದುಕೊಂಡು ಬರುವ ಕೆಲಸದಿಂದಲೇ ಹುಟ್ಟಿತು. ಹೆಮಿಂಗ್ವೇ 1926ರಲ್ಲಿ ಆ ಉತ್ಸವ ಬರುವ ಕಾದಂಬರಿ ಬರೆದ ಮೇಲೆ ಪ್ರವಾಸಿಗರ ಪ್ರವಾಹವೇ ಹರಿಯಿತು. ಅಲ್ಲಿ ಬೆಳಿಗ್ಗೆ ಓಡಿದ ಗೂಳಿ ಸಂಜೆ ಅಖಾಡದಲ್ಲಿ ಸಾಯುತ್ತದೆ. ನಮ್ಮಲ್ಲಿ ಓಡಿದ ಎತ್ತಿಗೆ ಮನೆಯಲ್ಲಿ ಆರತಿ. ಪೆರುವಿನ ಕುಸ್ಕೊದಲ್ಲಿ ಜೂನ್ 24ರಂದು ನಡೆಯುವ ಇಂಟಿ ರೈಮಿಯ ಕಥೆ ಬೇರೆ. ಸ್ಪೇನಿನವರ ಆಳ್ವಿಕೆಯಲ್ಲಿ ನಿಷೇಧಗೊಂಡ ಇಂಕಾಗಳ ಆ ಸೂರ್ಯೋತ್ಸವವನ್ನು 1944ರಲ್ಲಿ ನಾಟಕರೂಪದಲ್ಲಿ ಮತ್ತೆ ಕಟ್ಟಬೇಕಾಯಿತು. ಕ್ಯೋಟೊದ ಗಿಯೊನ್ ಹಬ್ಬ 869ರಲ್ಲಿ ಪಿಡುಗು ಕಳೆಯಲೆಂದು ಆರಂಭವಾಗಿ ಇಂದಿಗೂ ಪ್ರತಿ ಜುಲೈನಲ್ಲಿ ನಡೆಯುತ್ತಿದೆ. ಅದರ ತೇರುಗಳನ್ನು ಓಣಿಯವರೇ ಕಾಪಾಡಿಕೊಂಡು ಬಂದಿದ್ದಾರೆ.

ನಮ್ಮ ಹಬ್ಬಗಳೂ ಬದಲಾಗಿವೆ, ಕೆಲವು ಬದಲಾಗಲೇಬೇಕಿತ್ತು. ಈ ಸೀಮೆಯ ಕೆಲ ಜಾತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಗೆ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಡೆ ಹಾಕಿತು. ಅದು ಸರಿಯಾದ ಕೆಲಸ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟಗಳಿಗೆ ತಡೆ ಹಾಕಿದಾಗ ಕಂಬಳ, ಚಕ್ಕಡಿ ಓಟದವರೆಲ್ಲ ಕಂಗಾಲಾದರು. 2017ರಲ್ಲಿ ಇಂಥ ಓಟಗಳಿಗೆ ಅವಕಾಶವಾಗುವಂತೆ ರಾಜ್ಯ ಕಾಯ್ದೆ ತಿದ್ದಿತು. 2023ರ ಮೇ 18ರಂದು ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆ ಕೊಡಬಾರದೆಂಬ ಎಚ್ಚರ ಅಗಸಿಯಲ್ಲೂ ಇರಬೇಕು.

ಕಾನೂನಿಗಿಂತ ದೊಡ್ಡ ಬದಲಾವಣೆ ನೀರಿನದು. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿದ ಮೇಲೆ ಎಡದಂಡೆಯ ಸಿಂಧನೂರು ಭತ್ತದ ಕಣಜವಾಯಿತು. ಅಲ್ಲಿ ಎರಡನೇ ಬೆಳೆಯ ಕೊಯ್ಲು ಏಪ್ರಿಲ್-ಮೇ ತಿಂಗಳಲ್ಲಿ. ಬೇಸಿಗೆಯ ಬಿಡುವೇ ಉಳಿದಿಲ್ಲ, ಟ್ರ್ಯಾಕ್ಟರ್ ಬಂದು ಎತ್ತುಗಳೂ ಕಡಿಮೆಯಾದವು. ಪಾಮನಕಲ್ಲೂರಿನ ಕಡೆ ಇನ್ನೂ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಇಲ್ಲಿನ ರೈತರು 2020ರ ಕೊನೆಯಲ್ಲಿ ಧರಣಿ ಕೂತು ತಿಂಗಳುಗಟ್ಟಲೆ ಹಟ ಬಿಡಲಿಲ್ಲ. ಆ ನೀರು ಬರಲೇಬೇಕು. ಹಬ್ಬ ಉಳಿಯಲೆಂದು ಯಾರೂ ಗುಳೆ ಹೋಗುವ ಬಡತನವನ್ನು ಉಳಿಸಿಕೊಳ್ಳಬೇಕಿಲ್ಲ.

ನೋಡಲು ಬರುವವರಿಗೆ ಇನ್ನೊಂದು ಮಾತು. ಮುದಗಲ್ಲಿನ ಮೊಹರಂ ಚಾಂದ್ರಮಾನದಂತೆ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಅದರ ಕೊನೆಯ ದಿನ ಜುಲೈ 6ಕ್ಕೆ ಬಂದಿತ್ತು. ಹೀಗಾಗಿ ಈಗಿನ ಕೆಲವು ವರ್ಷ ಎತ್ತಿನ ಹಬ್ಬ ಮತ್ತು ಮೊಹರಂನ ಅಲಾಯಿ ಕುಣಿತ ಎರಡನ್ನೂ ಒಂದೇ ಪ್ರವಾಸದಲ್ಲಿ, ಹೆಚ್ಚೆಂದರೆ ಕೆಲವೇ ವಾರಗಳ ಅಂತರದಲ್ಲಿ ಕಾಣಬಹುದು. ಮೊಹರಂನ ಪೀರಲದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳೂ ಇರುತ್ತಾರೆ.

ಮುಂದಿನ ಕಾರಹುಣ್ಣಿಮೆಗೆ ಬನ್ನಿ. ಬೆಳಿಗ್ಗೆ ಪಿಕ್ಲಿಹಾಳದ ಬಂಡೆಗಳನ್ನು ನೋಡಿ, ಸಂಜೆಗೆ ಯಾವುದಾದರೂ ಊರಿನ ಅಗಸಿಯಲ್ಲಿ ನಿಲ್ಲಿ. ಎತ್ತುಗಳ ದಾರಿ ಬಿಟ್ಟು ನಿಲ್ಲಿ. ಊರಿನ ಹುಡುಗರಲ್ಲಿ ನನ್ನದೊಂದು ವಿನಂತಿ: ನಿಮ್ಮೂರಲ್ಲಿ ಕರಿ ಹರಿಯುವ ರೀತಿ, ಎತ್ತಿನ ಬಣ್ಣದ ಲೆಕ್ಕ, ಹೊನ್ನುಗ್ಗಿಯ ಪದ್ಧತಿ ಎಲ್ಲವನ್ನೂ ಹಿರಿಯರಿಂದ ಕೇಳಿ ಈ ವರ್ಷವೇ ಬರೆದಿಡಿ.